ಕ್ಯಾಮೆರಾ ಕಣ್ಣು ಮುಚ್ಚುವ ಜಾಗ

ಕಂಪ್ಯೂಟರಿನ ಒಳಗಿನ ಫ್ಯಾನು ಕಿರುಚಲು ಶುರುಮಾಡಿದರೆ ದೊಡ್ಡಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಅತ್ತ ತಿರುಗುತ್ತಿದ್ದಳು. ಹೆಸರಿಗೆ ದೊಡ್ಡಮ್ಮನೇ ಹೊರತು ಅವಳಿಗೆ ಅಂಥ ವಯಸ್ಸೇನೂ ಆಗಿರಲಿಲ್ಲ. ತಂಗಿಯ ಮಗಳು ಹಾಗೆ ಕರೆಯುತ್ತಾಳೆಂದು ಬೀದಿಯವರೂ ಕರೆದು ಕರೆದು ಅದೇ ಹೆಸರು ನಿಂತುಬಿಟ್ಟಿತ್ತು. ಮನೆಯ ಮುಂದಿನ ಕೋಣೆಯಲ್ಲಿ ಎಂಬ್ರಾಯ್ಡರಿ ಮಿಷನ್ ಇಟ್ಟುಕೊಂಡು ಶಾಲಾ ಮಕ್ಕಳ ಅಂಗಿಯ ಜೇಬಿಗೆ ಬ್ಯಾಡ್ಜು ಹೊಲಿದುಕೊಡುವುದು ಅವಳ ಕಸುಬು. ಬ್ಯಾಡ್ಜಿನ ಚಿತ್ರವನ್ನು ಮೊದಲು ಕಂಪ್ಯೂಟರಿನಲ್ಲಿ ಹೊಲಿಗೆ ಹೊಲಿಗೆಯಾಗಿ ಬಿಡಿಸಿಕೊಳ್ಳಬೇಕು. ಅದೇ ಕಂಪ್ಯೂಟರು ಈಗ ಮನೆಯ ಸುತ್ತಲಿನ ನಾಲ್ಕು ಕ್ಯಾಮೆರಾಗಳು ಕಂಡದ್ದನ್ನೂ ಹಗಲೂ ರಾತ್ರಿ ಬರೆದಿಡಬೇಕಾಗಿತ್ತು. ಮುದಿ ಎತ್ತಿನ ಹೆಗಲಿಗೆ ಎರಡು ಗಾಡಿ ಕಟ್ಟಿದರೆ ಅದು ಎಷ್ಟು ದೂರ ಎಳೆದೀತು ಹೇಳಿ.

ಕ್ಯಾಮೆರಾಗಳು ಶೋಕಿಗೆ ಬಂದವಲ್ಲ. ತಂಗಿ, ತನ್ನ ಗಂಡನ ಹೊಡೆತ ತಾಳಲಾರದೆ, ಮಗಳನ್ನು ಸೊಂಟಕ್ಕೇರಿಸಿಕೊಂಡು ಅಕ್ಕನ ಬಾಗಿಲಿಗೆ ಬಂದವಳು. ಬಂದ ಮೇಲೂ ಅವನು ಬಿಡಲಿಲ್ಲ. ಒಂದು ದಿನ ಶಾಲೆಯ ಗೇಟಿನಿಂದಲೇ ಮಗುವನ್ನು ಕರೆದುಕೊಂಡು ಹೋದ. ಫೋನ್ ಆಫ್. ಎರಡು ದಿನ ಅಕ್ಕತಂಗಿಯರ ಗಂಟಲಲ್ಲಿ ನೀರು ಕೂಡ ಇಳಿಯಲಿಲ್ಲ. ಆಮೇಲೆ ತಾನೇ ತಂದು ಬಿಟ್ಟು, ಬಾಗಿಲಲ್ಲಿ ನಿಂತು ನಗುತ್ತಾ, "ಸುಮ್ನೆ ಸುತ್ತಾಡಿಸ್ಕೊಂಡು ಬಂದೆ ಅಕ್ಕ. ಮುಂದಿನ ಸಲ ಹುಡುಕ್ತೀನಿ ಅಂದ್ರೂ ನಿಮಗೆ ಊರ ಹೆಸರು ಸಿಗಲ್ಲ," ಅಂದ. ಅವನು ಬೈದಿದ್ದರೆ ದೊಡ್ಡಮ್ಮ ಎರಡರಷ್ಟು ಬೈದು ಮರೆತುಬಿಡುತ್ತಿದ್ದಳು. ಆ ನಗು ಮಾತ್ರ ಎದೆಯಲ್ಲಿ ಮುಳ್ಳು ಮುರಿದ ಹಾಗೆ ಉಳಿದುಕೊಂಡಿತು. ಅವನು ಮನೆಯ ಹತ್ತಿರ ಸುಳಿಯಕೂಡದು ಎಂದು ಕೋರ್ಟು ಕಾಗದ ಕೊಟ್ಟಿತು. ಕಾಗದ ಎದ್ದು ಹೋಗಿ ಬಾಗಿಲು ಕಾಯುತ್ತದೆಯೇ? ಅದಕ್ಕೇ ಕ್ಯಾಮೆರಾ, ಅದಕ್ಕೇ ಮುಂಬಾಗಿಲಿಗೆ ಒಂದರ ಮೇಲೊಂದು ಮೂರು ಬೀಗ.

ಮಗುವಿಗೆ ಇನ್ನೂ ಆರು ತುಂಬಿರಲಿಲ್ಲ. ಒಂದು ಮಾತು ಹಿಡಿದರೆ ಬಿಡದೆ ಕುಯ್ಯುತ್ತಿದ್ದಳಾದ್ದರಿಂದ ಮನೆಯಲ್ಲಿ ಅವಳ ಹೆಸರು ಪಿಟೀಲು. ಕ್ಯಾಮೆರಾ ಗೋಡೆಗೆ ಏರಿದ ದಿನದಿಂದ ಅವಳದು ಒಂದೇ ರಾಗ. "ಇದು ಯಾರನ್ನ ನೋಡುತ್ತೆ? ನನ್ನನ್ನೂ ನೋಡುತ್ತಾ? ಅಪ್ಪ ಬಂದ್ರೆ ಏನು ಮಾಡುತ್ತೆ?"

"ನಿಮ್ಮಪ್ಪ ಬಂದ್ರೆ ಪೊಲೀಸರಿಗೆ ತೋರಿಸುತ್ತೆ. ಅವರು ಹಿಡ್ಕೊಂಡು ಹೋಗ್ತಾರೆ," ಎಂದು ದೊಡ್ಡಮ್ಮ ದಾರ ಪೋಣಿಸುತ್ತಲೇ ಹೇಳಿದ್ದಳು. ಮಗು ಅವತ್ತು ಮತ್ತೆ ಏನೂ ಕೇಳಲಿಲ್ಲ. ಪಿಟೀಲು ತಾನಾಗಿ ಸುಮ್ಮನಾಗುವುದೆಂದರೆ ಸಣ್ಣ ವಿಷಯವಲ್ಲ. ಆದರೆ ಮಿಷನ್ನಿನ ಸದ್ದಿನಲ್ಲಿ ಅದು ದೊಡ್ಡಮ್ಮನ ಕಿವಿಗೆ ಬೀಳಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಗೇಟಿನ ಬೆಲ್ಲು ಹೊಡೆದುಕೊಂಡಿತು. ಕಿಟಕಿಯಿಂದ ಇಣುಕಿದರೆ ಯಾರೂ ಇಲ್ಲ, ಗೇಟು ಮಾತ್ರ ಅರ್ಧ ತೆರೆದಿದೆ. ದೊಡ್ಡಮ್ಮ ಕಂಪ್ಯೂಟರಿನ ಮುಂದೆ ಕೂತು ಆ ಹೊತ್ತಿನ ರೆಕಾರ್ಡಿಂಗ್ ತೆಗೆದಳು. ಕಾಂಪೌಂಡಿನ ಮೇಲಿಂದ ಹಾರಿದ ಬೆಕ್ಕೊಂದು ಗಾಳಿಯಲ್ಲೇ ನಿಂತಿತ್ತು. ನಿಂತದ್ದು ನಿಂತೇ ಇತ್ತು. ಆಮೇಲೆ ಚಿತ್ರ ಎಗರಿ ಮುಂದಕ್ಕೆ ಹೋಯಿತು. ಬೆಕ್ಕೂ ಇಲ್ಲ, ಬೆಲ್ಲು ಬಾರಿಸಿದವರೂ ಇಲ್ಲ, ಗೇಟು ತೆರೆದಿದೆ. ನಡುವೆ ಏನಾಯಿತು ಎಂಬುದು ಎಲ್ಲೂ ಇರಲಿಲ್ಲ. ಬಂದವನು ಕೊರಿಯರಿನವನೇ ಇರಬಹುದು, ಪಕ್ಕದ ಬೀದಿಯ ಪೋರರೇ ಇರಬಹುದು. ಆದರೆ ಅವನೇ ಆಗಿದ್ದರೆ? ಮನೆ ಕಾಯಲು ಇಟ್ಟ ಆಳು ಕಳ್ಳ ಬರುವ ಹೊತ್ತಿಗೇ ಮೂರ್ಛೆ ಹೋದರೆ ಆ ಆಳನ್ನು ಇಟ್ಟುಕೊಂಡು ಏನು ಬಂತು?

ಮರುದಿನವೇ ಪೆಟ್ಟಿಗೆಯನ್ನು ಆಟೋದಲ್ಲಿ ಹಾಕಿಕೊಂಡು ರಿಪೇರಿ ಅಂಗಡಿಗೆ ಹೋದಳು. ಅಂಗಡಿಯವನನ್ನು ಎಲ್ಲರೂ ಡಾಕ್ಟರ್ ಅನ್ನುತ್ತಿದ್ದರು. ಹಣೆಯ ಮೇಲೆ ಸದಾ ಒಂದು ಭೂತಗನ್ನಡಿ ಏರಿಸಿಕೊಂಡು ಕಂಪ್ಯೂಟರುಗಳ ನಾಡಿ ಹಿಡಿಯುವ ಬಾಯಿಬಡುಕ ಮನುಷ್ಯ. ಕೇಸು ಬಿಚ್ಚಿ, ಧೂಳು ಊದಿ, ಕರೆಂಟು ಕೊಟ್ಟು ಒಳಗೆ ಏನೇನು ಓಡುತ್ತಿದೆ ನೋಡಿದ.

"ಅಕ್ಕ, ಇದಕ್ಕೆ ರೋಗ ಏನೂ ಇಲ್ಲ. ಹೊಸ ಸೊಸೇನ ದುಡಿಸ್ದಂಗೆ ದುಡಿಸ್ತಿದ್ದೀರ, ಅಷ್ಟೇ."

"ತಮಾಷೆ ಬೇಡಪ್ಪ. ನಂಗೆ ಜೀವ ಹೋಗ್ತಿದೆ."

"ತಮಾಷೆ ಅಲ್ಲ ಕೇಳಿ. ಕ್ಯಾಮೆರಾ ಚಿತ್ರನ ಚೆನ್ನಾಗಿ ಮಡಚೇ ಕಳಿಸುತ್ತೆ. ಈ ಬಡಪಾಯಿ ಅದನ್ನ ಬಿಚ್ಚಿ, ಹರವಿ, ಮತ್ತೆ ತನ್ನ ರೀತೀಲಿ ಮಡಚಿ ಇಡ್ತಿದೆ. ಯಾಕೆ ಬೇಕು? ಬಂದ ಗಂಟು ಬಂದ ಹಾಗೇ ಒಳಗೆ ಇಟ್ಕೊಳ್ಳಲಿ. ಅರ್ಧ ಭಾರ ಅಲ್ಲೇ ಇಳಿಯುತ್ತೆ. ಆಮೇಲೆ, ಸೆಕೆಂಡಿಗೆ ಇಷ್ಟೊಂದು ಚಿತ್ರ ಏನಕ್ಕೆ? ಕಳ್ಳ ಬಂದು ಡ್ಯಾನ್ಸ್ ಮಾಡ್ತಾನಾ? ಕಡಿಮೆ ಮಾಡಿ. ಚಿತ್ರದ ಗಾತ್ರನೂ ಇಳಿಸಿ. ಪರದೆ ಮೇಲೆ ನಾಲ್ಕೂ ಕ್ಯಾಮೆರಾ ಇಡೀ ದಿನ ತೆರೆದಿಡ್ತೀರಲ್ಲ, ಅದನ್ನ ಮುಚ್ಚಿಡಿ. ಬರ್ಕೊಳ್ಳೋದಕ್ಕಿಂತ ನಿಮಗೆ ತೋರಿಸೋದೇ ಇದಕ್ಕೆ ಕಷ್ಟ. ಕೊನೇದಾಗಿ, ಏನಾದ್ರೂ ಅಲ್ಲಾಡಿದ್ರೆ ಮಾತ್ರ ಬರ್ಕೊಳ್ಳಲಿ. ಖಾಲಿ ಅಂಗಳ ಬರ್ಕೊಂಡು ಏನು ಪೂಜೆ ಮಾಡ್ತೀರಾ?"

"ನಮ್ಮ ಹಿತ್ತಿಲಲ್ಲಿ ಸೀಬೆ ಮರ ಇದೆ. ಅದು ಒಂದು ನಿಮಿಷ ಸುಮ್ನಿರಲ್ಲ."

"ಹಾಗಾದ್ರೆ ಗೋಡೆ ಕಡೆ ಕೊಂಬೆ ಕಡಿಸಿ."

"ಅದೊಂದು ಹೇಳ್ಬೇಡ. ಮಧ್ಯಾಹ್ನ ಆ ನೆರಳಿಲ್ಲಾಂದ್ರೆ ನನ್ನ ಕೋಣೆ ಒಲೆ ಆಗುತ್ತೆ."

"ಸರಿ, ಮರದ ಜಾಗಕ್ಕೆ ಮುಸುಕು ಹಾಕಿ. ಮೌಸಲ್ಲಿ ಕೆಂಪು ಬಣ್ಣ ಬಳಿದ್ರೆ ಆಯ್ತು. ಅಷ್ಟು ಜಾಗದಲ್ಲಿ ಏನು ಅಲ್ಲಾಡಿದ್ರೂ ಇದು ತಲೆ ಕೆಡಿಸ್ಕೊಳ್ಳಲ್ಲ." ಡಾಕ್ಟರ್ ಭೂತಗನ್ನಡಿ ಇಳಿಸಿ ಅವಳನ್ನೇ ಒಂದು ಗಳಿಗೆ ನೋಡಿದ. "ಜಾಸ್ತಿ ಬಳೀಬೇಡಿ ಅಕ್ಕ. ಎಲೆ ಇರೋಷ್ಟೇ."

ಮನೆಗೆ ಬಂದು ಅವನು ಹೇಳಿದ್ದನ್ನೆಲ್ಲ ಒಂದೊಂದಾಗಿ ಮಾಡಿದಳು. ಮುಸುಕಿನ ಸರದಿ ಬರುವಾಗ ಶಾಲೆಯಿಂದ ಬಂದ ಪಿಟೀಲು ತೊಡೆಯೇರಿ ಕೂತಾಗಿತ್ತು. ಪರದೆಯ ಮೇಲೆ ಹಿತ್ತಿಲು ಕಾಣುತ್ತಿತ್ತು: ಅಡುಗೆಮನೆಯ ಬಾಗಿಲು, ಬಟ್ಟೆ ಒಗೆಯುವ ಕಲ್ಲು, ಮೂಲೆಯಲ್ಲಿ ಸೀಬೆ ಮರ, ಅದರ ಬೆನ್ನಿಗೆ ಆಳೆತ್ತರದ ಗೋಡೆ. ಗೋಡೆಯ ಆಚೆಗೆ ಯಾರೂ ಅಷ್ಟಾಗಿ ಓಡಾಡದ ಓಣಿ.

"ದೊಡ್ಡಮ್ಮ, ಬಣ್ಣ ನಾನು ಹಚ್ತೀನಿ."

ಕ್ಯಾಮೆರಾ ಕಂಡರೆ ಮುಖ ಸಣ್ಣಗೆ ಮಾಡಿಕೊಳ್ಳುತ್ತಿದ್ದ ಮಗು ಈಗ ತಾನಾಗಿ ಹತ್ತಿರ ಬಂದಿದೆ, ಭಯ ಬಿಡಲಿ ಎಂದು ದೊಡ್ಡಮ್ಮ ಮೌಸನ್ನು ಅವಳ ಕೈಗೆ ಕೊಟ್ಟು ಮೇಲೆ ತನ್ನ ಕೈ ಇಟ್ಟಳು. ಕೆಂಪು ಬಣ್ಣ ಎಲೆಗಳ ಮೇಲೆ ಹರಡಿತು. ಮಗುವಿನ ಕೈ ನಿಲ್ಲಬೇಕಲ್ಲ. ಗೋಡೆಯ ಮೇಲೂ ಹರಿಯಿತು, ಕಾಂಡದ ಬುಡಕ್ಕೂ ಇಳಿಯಿತು. ಚೆಂದ ಆಯ್ತು ಬಿಡು ಎಂದು ದೊಡ್ಡಮ್ಮ ಅಳಿಸಲು ಹೋಗಲಿಲ್ಲ.

"ಇದು ಯಾಕೆ ಹಚ್ಚಿದ್ದು?"

"ಎಲೆ ಅಲ್ಲಾಡ್ತಾ ಇದ್ರೆ ಕ್ಯಾಮೆರಾಗೆ ನಿದ್ದೆ ಬರಲ್ಲ, ಕಂಪ್ಯೂಟರಿಗೆ ಜ್ವರ ಬರುತ್ತೆ. ಅದಕ್ಕೆ ಅಲ್ಲಿ ಕಣ್ಣು ಮುಚ್ಕೋ ಅಂತ ಹೇಳಿದ್ದು."

"ಅಲ್ಲಿ ಯಾರು ಬಂದ್ರೂ ಅದಕ್ಕೆ ಗೊತ್ತಾಗಲ್ವಾ?"

"ಗೊತ್ತಾಗಲ್ಲ."

"ನಾನು ಬಂದ್ರೂ?"

"ನೀನು ಬಂದ್ರೂ. ನಿನ್ನ ಪಿಟೀಲು ಕೇಳಿಸುತ್ತೆ ಅಷ್ಟೇ," ಎಂದು ಅವಳ ಕೆನ್ನೆ ಹಿಂಡಿದಳು. ಮಗು ಕಿಲಕಿಲ ನಗುತ್ತಾ ಇಳಿದು ಹೋಯಿತು.

ಅವತ್ತಿನಿಂದ ಫ್ಯಾನು ತೆಪ್ಪಗಾಯಿತು. ಕಿವಿಗೊಟ್ಟು ಕೇಳಿದರೆ ಮಾತ್ರ ಒಂದು ಸಣ್ಣ ಗುಂಯ್‌ಗುಟ್ಟುವಿಕೆ. ಬ್ಯಾಡ್ಜಿನ ಚಿತ್ರಗಳು ಸರಸರನೆ ತೆರೆದುಕೊಂಡವು, ರೆಕಾರ್ಡಿಂಗಿನಲ್ಲಿ ಬೆಕ್ಕುಗಳು ಗಾಳಿಯಲ್ಲಿ ನಿಲ್ಲುವುದು ನಿಂತಿತು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ತಂಗಿ ಸಂಜೆ ಬಂದು ಕೂತರೆ, ಇಡೀ ದಿನ ನಡೆದದ್ದು ಚಿಕ್ಕ ಚಿಕ್ಕ ತುಣುಕುಗಳಾಗಿ ಸಾಲಾಗಿ ಸಿಗುತ್ತಿತ್ತು. ಹಾಲಿನವನು ಬಂದ, ಹೋದ. ನಾಯಿ ಬಂತು, ಮೂಸಿತು, ಹೋಯಿತು. ಪಿಟೀಲು ಹಿತ್ತಿಲಿಗೆ ಓಡಿದಳು. ಒಂದಷ್ಟು ಹೊತ್ತಿನ ಮೇಲಿನ ಇನ್ನೊಂದು ತುಣುಕಿನಲ್ಲಿ ವಾಪಸು ಬಂದಳು.

"ಇವಳೇನು ದಿನಾ ಆ ಮರದ ಕೆಳಗೇ ಸೇರ್ಕೋತಾಳೆ?" ತಂಗಿ ಒಮ್ಮೆ ಕೇಳಿದಳು.

"ಗೊಂಬೆಗೆ ಮನೆ ಕಟ್ಟಿದ್ದಾಳಂತೆ. ಆಡ್ಕೊಳ್ಳಲಿ ಬಿಡೆ. ಬೀದಿಗಂತೂ ಬಿಡೋ ಹಾಗಿಲ್ಲ."

ಆದರೆ ಒಂದೊಂದೇ ಸಣ್ಣ ವಿಷಯ ದೊಡ್ಡಮ್ಮನನ್ನು ಕೊರೆಯತೊಡಗಿತು. ಪಿಟೀಲು ಸಂಜೆಯ ಹಾಲು ಮುಟ್ಟುತ್ತಿರಲಿಲ್ಲ. ಬಾಯಿ ಮೂಸಿದರೆ ಚಾಕೊಲೇಟಿನ ವಾಸನೆ. ಯಾರು ಕೊಟ್ಟರೆಂದರೆ "ಫ್ರೆಂಡು" ಅನ್ನುತ್ತಿದ್ದಳು. ಕೂದಲಲ್ಲಿ ಚಿಟ್ಟೆಯ ಆಕಾರದ ಹೊಸ ಕ್ಲಿಪ್ಪು ಬಂತು. ಅದೂ ಫ್ರೆಂಡೇ. ಒಂದು ದಿನ ಊಟ ಮಾಡುತ್ತಾ ಮಾಡುತ್ತಾ ಮಗು ತಟ್ಟೆಯಿಂದ ತಲೆಯೆತ್ತಿ, "ಸಮುದ್ರದ ಹತ್ರ ಶಾಲೆ ಇರುತ್ತಾ?" ಎಂದು ಕೇಳಿತು. ತಂಗಿಯ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

"ಯಾರು ಹೇಳಿದ್ದು ಸಮುದ್ರದ ವಿಷಯ?"

"ಟೀಚರ್ ಕಥೆ ಹೇಳಿದ್ರು," ಅಂದು ಮಗು ಮತ್ತೆ ತಟ್ಟೆಗೆ ಬಗ್ಗಿತು.

ಸಮುದ್ರದ ಊರೊಂದರಲ್ಲಿ ಅವನಿಗೆ ಹಳೆಯ ಸ್ನೇಹಿತರಿದ್ದರು. ಅಕ್ಕತಂಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರೇ ವಿನಾ ಬಾಯಿಬಿಟ್ಟು ಆಡಲಿಲ್ಲ. ಹೆದರಿಕೆಯನ್ನು ಬಾಯಲ್ಲಿ ಆಡಿದರೆ ಅದು ನಿಜವಾಗಿಬಿಡುತ್ತದೆ ಎಂಬ ಹುಚ್ಚು ಇಬ್ಬರಿಗೂ ಇತ್ತು. ಮರುದಿನದಿಂದ ದೊಡ್ಡಮ್ಮ ಮೈಯೆಲ್ಲ ಕಣ್ಣಾಗಿ ಮಗುವನ್ನು ತಾನೇ ಶಾಲೆಗೆ ಬಿಟ್ಟು ತಾನೇ ಕರೆತಂದಳು. ಗೇಟಿನ ಆಯಾಳಿಗೆ ಮತ್ತೊಮ್ಮೆ ಹೇಳಿ ಬಂದಳು. ದಾರಿಯಲ್ಲಿ ನಿಧಾನವಾಗುವ ಪ್ರತಿ ಕಾರಿನ ಒಳಗೆ ಇಣುಕಿದಳು. ಮನೆಗೆ ಬಂದು ಮೂರು ಬೀಗ ಜಡಿದ ಮೇಲೆಯೇ ಉಸಿರು ಬಿಡುತ್ತಿದ್ದಳು. ಆಮೇಲೆ ಹಿತ್ತಿಲ ಬಾಗಿಲು ತೆಗೆದು, "ಹೋಗು, ಆಡ್ಕೋ," ಅನ್ನುತ್ತಿದ್ದಳು. ಹಗ್ಗ ಕಂಡಲ್ಲೆಲ್ಲ ಬೆಚ್ಚುತ್ತಾ ಹಾವಿನ ಹುತ್ತದ ಪಕ್ಕ ಚಾಪೆ ಹಾಸಿದ ಹಾಗಾಯಿತು ಅವಳ ಎಚ್ಚರ. ಅವಳಿಗೇನು ಗೊತ್ತು, ಪಾಪ.

ಶಾಲೆಗೆ ರಜೆಯಿದ್ದ ಒಂದು ದಿನ. ತಂಗಿ ಅಂಗಡಿಗೆ ಹೋಗಿದ್ದಳು. ಬಿಸಿಲು ಚುರುಗುಡುತ್ತಿತ್ತು. ಒಂದು ಶಾಲೆಯ ಅಂಗಿಗಳನ್ನು ಸಂಜೆಯೊಳಗೆ ಮುಗಿಸಬೇಕೆಂದು ದೊಡ್ಡಮ್ಮ ಮಿಷನ್ ಓಡಿಸುತ್ತಾ ಕೂತಿದ್ದಳು. ಅದರ ಟಕಟಕದಲ್ಲಿ ಮನೆಗೆ ಬೇರೆ ಸದ್ದೇ ಇರಲಿಲ್ಲ. "ದೊಡ್ಡಮ್ಮ, ನನ್ನ ಸ್ವೆಟರ್ ಎಲ್ಲಿದೆ?" ಎಂದು ಪಿಟೀಲು ಬಾಗಿಲಲ್ಲಿ ನಿಂತು ಕೇಳಿದ್ದಕ್ಕೆ "ಕಪಾಟಲ್ಲಿ ಕಣೆ," ಎಂದು ತಿರುಗದೆಯೇ ಉತ್ತರಿಸಿದ್ದಳು. ಗೊಂಬೆಗೆ ಹೊದಿಸಲು ಬೇಕಿರಬೇಕು ಎಂದುಕೊಂಡಳು.

ನೀಲಿ ದಾರ ಪಟ್ಟೆಂದು ಹರಿಯಿತು. ಮಿಷನ್ ನಿಂತಿತು. ಮನೆಯೆಲ್ಲ ಒಮ್ಮೆಲೇ ಮೌನ.

"ಪಿಟೀಲೂ."

ಉತ್ತರವಿಲ್ಲ. ಎದ್ದು ಹೋಗಿ ನೋಡಬಹುದಿತ್ತು. ಹತ್ತು ಹೆಜ್ಜೆಯೂ ಇರಲಿಲ್ಲ ಅಡುಗೆಮನೆಗೆ. ಆದರೆ ಇಷ್ಟು ದಿನದ ಅಭ್ಯಾಸ ನೋಡಿ, ಕಾಲಿಗಿಂತ ಮೊದಲು ಕೈ ಮೌಸಿನ ಕಡೆ ಹೋಯಿತು. ಕ್ಯಾಮೆರಾ ಬರೆದಿದ್ದನ್ನು ನೋಡಿದ ಮೇಲೇ ಅವಳಿಗೆ ಕಣ್ಣಿನ ಮೇಲೆ ನಂಬಿಕೆ ಬರುತ್ತಿತ್ತು. ಹಿತ್ತಿಲಿನ ಕೊನೆಯ ತುಣುಕನ್ನು ತೆರೆದಳು.

ಪಿಟೀಲು ಮರದ ಕಡೆ ಹೋಗುತ್ತಿದ್ದಳು. ಕುಣಿಯುತ್ತಾ ಅಲ್ಲ, ನೆಟ್ಟಗೆ, ದೊಡ್ಡವರ ಹಾಗೆ. ಬೆನ್ನಿಗೆ ಶಾಲೆಯ ಚೀಲ. ಚೀಲದ ಬಾಯಿಂದ ಗೊಂಬೆಯ ತಲೆ ಹೊರಗೆ ಇಣುಕಿತ್ತು. ಆ ಸುಡುಬಿಸಿಲಲ್ಲಿ ಮೈಮೇಲೆ ಸ್ವೆಟರು. ಎಲೆಗಳ ಮರೆಗೆ ಹೋದಳು, ಅಲ್ಲಿಗೆ ತುಣುಕು ಮುಗಿಯಿತು. ಮುಗಿದ ಚಿತ್ರದಲ್ಲಿ ಗೋಡೆಯ ಮೇಲೊಂದು ಒಣಗಿದ ಸೀಬೆ ಎಲೆ ಅಂಟಿಕೊಂಡಿತ್ತು.

ಆ ಎಲೆಯನ್ನು ದೊಡ್ಡಮ್ಮ ಮೊದಲೂ ನೋಡಿದ್ದಳು. ದಿನಾ ನೋಡಿದ್ದಳು. ಚಿತ್ರದ ಗಾತ್ರ ಇಳಿಸಿದ ಮೇಲೆ ದೂರದ್ದೆಲ್ಲ ಹೀಗೇ ಕಲಸಿಕೊಂಡಿರುತ್ತದೆ ಎಂದು ಬಿಟ್ಟಿದ್ದಳು. ಹಿಂದಿನ ದಿನದ್ದನ್ನು ತೆರೆದಳು. ಎಲೆ ಇತ್ತು, ಆದರೆ ಒಂದು ಗೇಣು ಎಡಕ್ಕೆ. ಅದರ ಹಿಂದಿನ ದಿನದ್ದು. ಎರಡು ಎಲೆ, ಅಕ್ಕಪಕ್ಕ. ಅದಕ್ಕೂ ಹಿಂದಿನದರಲ್ಲಿ ಮಗು ಹಿತ್ತಿಲಿಗೆ ಇಳಿದಾಗ ಗೋಡೆ ಬರಿದಾಗಿತ್ತು. ಮಗು ಮರದ ಬುಡ ಮುಟ್ಟುವಾಗ ಎಲೆ ಗೋಡೆಯ ಹಿಂದಿನಿಂದ ಎದ್ದು ಬಂದು ಕೂತಿತು. ಕೆಳಗಿನಿಂದ ಮೇಲಕ್ಕೆ ಯಾವ ಎಲೆ ಬೀಳುತ್ತದೆ? ಅವು ಬೆರಳುಗಳು. ಗೋಡೆಯ ಆಚೆಯಿಂದ ಹಿಡಿದುಕೊಂಡು ನಿಂತ ಕೈಯ ಬೆರಳುಗಳು.

ದೊಡ್ಡಮ್ಮ ಮುಚ್ಚಿಟ್ಟಿದ್ದ ನಾಲ್ಕೂ ಕ್ಯಾಮೆರಾಗಳನ್ನು ಒಟ್ಟಿಗೆ ತೆರೆದಳು. ಒಂದನ್ನೇ ತೆರೆದಿದ್ದರೆ ಸಾಕಿತ್ತು, ಬುದ್ಧಿ ಕೈಕೊಟ್ಟಿತ್ತು. ಬ್ಯಾಡ್ಜಿನ ಚಿತ್ರವೂ ತೆರೆದಿತ್ತು, ಹಳೆಯ ತುಣುಕುಗಳೂ ತೆರೆದಿದ್ದವು. ಫ್ಯಾನು ಒಮ್ಮೆ ಕೆಮ್ಮಿ, ಏರಿ, ಮೊದಲಿನ ಹಾಗೆಯೇ ಕಿರುಚತೊಡಗಿತು. ಹಿತ್ತಿಲ ಚಿತ್ರ ಒಂದು ಕ್ಷಣ ಮೂಡಿತು. ಮರದ ಕವಲಿನಲ್ಲಿ ಪಿಟೀಲು ನಿಂತಿದ್ದಳು. ಎರಡೂ ಕೈ ಮೇಲೆತ್ತಿದ್ದಳು. ಎತ್ತಿಕೋ ಎನ್ನುವ ಮಕ್ಕಳು ಎತ್ತುತ್ತಾರಲ್ಲ, ಹಾಗೆ.

ಚಿತ್ರ ಅಲ್ಲೇ ನಿಂತಿತು. ಮೌಸು ಆಡಿಸಿದರೂ ಇಲ್ಲ, ಕುಟ್ಟಿದರೂ ಇಲ್ಲ. ಎತ್ತಿದ ಕೈ ಎತ್ತಿದಂತೆಯೇ ಇತ್ತು. ಅದು ಈಗ ನಡೆಯುತ್ತಿದೆಯೋ, ನಡೆದು ಮುಗಿದೇ ಹೋಯಿತೋ?

ಅವಳು ಓಡಿದಳು. ಹಿತ್ತಿಲ ಬಾಗಿಲನ್ನು ಎಳೆದರೆ ಬರಲಿಲ್ಲ. ಹೊರಗಿನಿಂದ ಚಿಲಕ ಬಿದ್ದಿತ್ತು. ಆ ಚಿಲಕ ಮಗುವಿನ ಎತ್ತರಕ್ಕೇ ಇತ್ತು. ಅದನ್ನು ಹಾಕಿದ್ದು ಯಾರೆಂದು ದೊಡ್ಡಮ್ಮ ಯೋಚಿಸಬೇಕಾಗಿರಲಿಲ್ಲ. "ಪಿಟೀಲೂ, ಬೇಡ ಕಂದ, ಬೇಡ," ಎಂದು ಬಾಗಿಲಿಗೆ ಬಾಯಿಟ್ಟು ಕೂಗಿ ಮುಂಬಾಗಿಲಿಗೆ ತಿರುಗಿದಳು. ಅಲ್ಲಿ ಅವಳೇ ಹಾಕಿಸಿದ ಮೂರು ಬೀಗ. ಬಾಬಿನ್ ಡಬ್ಬಿಯಿಂದ ಬೀಗದ ಕೈ ಗೊಂಚಲು ತೆಗೆಯುವಾಗ ಡಬ್ಬಿ ಬಿದ್ದು ಬಾಬಿನ್‌ಗಳೆಲ್ಲ ನೆಲದ ತುಂಬ ಉರುಳಿದವು. ಮೊದಲನೆಯದು ತೆರೆಯಿತು. ಎರಡನೆಯದಕ್ಕೆ ತಪ್ಪು ಬೀಗದ ಕೈ ಹಾಕಿದಳು. ಕಿತ್ತು ಇನ್ನೊಂದನ್ನು ತುರುಕಿದಳು. ಅವನು ಒಳಗೆ ಬರಬಾರದೆಂದು ಹಾಕಿದ ಬೀಗ ಅವಳನ್ನೇ ಒಳಗೆ ಕೂಡಿಹಾಕಿತ್ತು. ದೇವರೇ, ಇನ್ನೊಂದು, ಇನ್ನೊಂದೇ ಒಂದು ಎಂದು ಅಳುತ್ತಲೇ ತಿರುಗಿಸಿದಳು.

ಬರಿಗಾಲಲ್ಲಿ ಮನೆಯ ಪಕ್ಕದಿಂದ ಸುತ್ತಿಕೊಂಡು ಹಿತ್ತಿಲಿಗೆ ಬಂದಾಗ ಪಿಟೀಲು ಗೋಡೆಯ ಮೇಲಿದ್ದಳು. ಆಚೆಯಿಂದ ಎರಡು ಕೈಗಳು ಅವಳ ಸೊಂಟ ಹಿಡಿದಿದ್ದವು. ದೊಡ್ಡಮ್ಮ ಮರದ ಕವಲಿಗೆ ಹೇಗೆ ಹತ್ತಿದಳೋ, ಚೀಲದ ಪಟ್ಟಿ ಕೈಗೆ ಸಿಕ್ಕಿತು. ಹಿಡಿದು ಜಗ್ಗಿದಳು. ಆಚೆಯವನೂ ಜಗ್ಗಿದ. ಮಗು ನಡುವೆ ಹಗ್ಗದ ಹಾಗೆ ಬಿಗಿದುಕೊಂಡಿತು.

"ನೋವು," ಎಂದು ಪಿಟೀಲು ಚೀರಿದಳು. "ಅಪ್ಪ, ನೋವು."

ಓಣಿಯ ಯಾವುದೋ ಮನೆಯ ಕಿಟಕಿ ಧಡಾರನೆ ತೆರೆಯಿತು. ಕೈಗಳು ಸಡಿಲವಾದವು. ಮಗುವಿಗೆ ನೋವಾಯಿತೆಂದು ಬಿಟ್ಟನೋ, ಕಿಟಕಿಯ ಸದ್ದಿಗೆ ಬಿಟ್ಟನೋ ದೊಡ್ಡಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ಮಗುವಿನ ಸಮೇತ ಅವಳು ಮರದಿಂದ ಜಾರಿ ಬೆನ್ನಡಿಯಾಗಿ ಬಿದ್ದಳು. ಗೋಡೆಯ ಆಚೆಯಿಂದ ದನಿ ಕೇಳಿತು. ಅವಸರವಿಲ್ಲ, ಸಿಟ್ಟಿಲ್ಲ, ಅದೇ ನಗು.

"ಪರವಾಗಿಲ್ಲ ಅಕ್ಕ. ನಾಳೆ ಅನ್ನೋದು ಇದ್ದೇ ಇದೆ."

ಸ್ಕೂಟರ್ ಶುರುವಾದ ಸದ್ದು ಓಣಿಯ ಕೊನೆಯವರೆಗೂ ಹೋಗಿ ಕರಗಿತು. ದೊಡ್ಡಮ್ಮ ಮಗುವನ್ನು ಅವುಚಿಕೊಂಡು ಮಣ್ಣಲ್ಲೇ ಕೂತಿದ್ದಳು.

ಪೊಲೀಸರು ಬಂದರು. ಒಳ್ಳೆಯ ಮಾತಿನವರೇ. ರೆಕಾರ್ಡಿಂಗ್ ತೋರಿಸಿ ಅಂದರು. ತೋರಿಸುವುದೇನಿದೆ? ಮಗು ಮರದ ಕಡೆ ನಡೆದುಹೋಗುವುದು, ಗೋಡೆಯ ಮೇಲೆ ಎಲೆಯಂಥದ್ದೇನೋ, ಅಷ್ಟೇ. ಆಮೇಲಿನದು ಕೆಂಪು ಬಣ್ಣದ ಒಳಗಿನ ಮಾತು. ಕಂಪ್ಯೂಟರು ಅದನ್ನು ಬರೆದುಕೊಂಡಿರಲೇ ಇಲ್ಲ. ಓಣಿಯ ಕಿಟಕಿಯವರು ಸ್ಕೂಟರಿನ ಬೆನ್ನು ಮಾತ್ರ ನೋಡಿದ್ದರು. "ಫೋನ್ ಮಾಡಿ ಕೇಳಿದ್ರೆ ಅವನು ಬೇರೆ ಊರಲ್ಲಿದ್ದೆ ಅಂತಾನೆ. ಮುಖ ಒಂದು ಕಂಡಿದ್ರೆ," ಎಂದು ಹಿರಿಯ ಪೇದೆ ಟೋಪಿ ಹಾಕಿಕೊಂಡ.

ತಂಗಿ ಮಗಳನ್ನು ಮುಂದೆ ನಿಲ್ಲಿಸಿಕೊಂಡು, ಅಳು ನುಂಗಿ, ಮೆಲ್ಲಗೆ ಕೇಳಿದಳು. "ಅಪ್ಪ ಮೊದಲು ಎಲ್ಲಿ ಸಿಕ್ಕಿದ್ದು?"

"ಶಾಲೆ ಬೇಲಿ ಹತ್ರ. ಒಂದೇ ಸಲ. ಮನೆ ಹತ್ರ ಎಲ್ಲಿ ಬರ್ಲಿ ಅಂತ ಕೇಳಿದ್ರು."

"ನೀನು ಏನು ಹೇಳಿದೆ?"

ಪಿಟೀಲು ದೊಡ್ಡಮ್ಮನ ಕಡೆ ತಿರುಗಿದಳು. ಅವಳ ಮುಖದಲ್ಲಿ ತಪ್ಪು ಮಾಡಿದ ಅಳುಕಿರಲಿಲ್ಲ, ಯಾಕೆ ಎಲ್ಲರೂ ಅಳುತ್ತಿದ್ದಾರೆಂಬ ಗೊಂದಲವಿತ್ತು. "ಕ್ಯಾಮೆರಾ ನೋಡಿದ್ರೆ ಅಪ್ಪನ್ನ ಪೊಲೀಸ್ ಹಿಡ್ಕೊಂಡು ಹೋಗ್ತಾರೆ ಅಂತ ನೀನೇ ಹೇಳಿದ್ದಲ್ವಾ ದೊಡ್ಡಮ್ಮ. ಅದಕ್ಕೆ ನಾವು ಬಣ್ಣ ಹಚ್ಚಿರೋ ಜಾಗಕ್ಕೆ ಬನ್ನಿ ಅಂದೆ. ಅಲ್ಲಿ ಅದು ಕಣ್ಣು ಮುಚ್ಕೊಂಡಿರುತ್ತೆ."

ದೊಡ್ಡಮ್ಮ ಎದ್ದು ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟು, ನೀರಿನ ಸದ್ದಿನಲ್ಲಿ ಬಾಯಿಗೆ ಬಟ್ಟೆ ಇಟ್ಟುಕೊಂಡು ಅತ್ತಳು. ಮಗುವಿನ ಕೈ ಹಿಡಿದು ಆ ದಾರಿ ಬಳಿದುಕೊಟ್ಟವಳು ತಾನೇ. ಅದನ್ನು ಯಾರ ಮೇಲೆ ಹಾಕುವುದು?

ಡಾಕ್ಟರ್ ಗರಗಸ ಹಿಡಿದುಕೊಂಡು ತಾನೇ ಬಂದ. ಅವತ್ತು ಒಂದು ತಮಾಷೆಯನ್ನೂ ಆಡಲಿಲ್ಲ. ಗೋಡೆಯ ಕಡೆಯ ಕೊಂಬೆಗಳನ್ನೂ ಕವಲನ್ನೂ ಕಡಿದು ಕೆಡವಿದ, ಮುಸುಕನ್ನು ಅಳಿಸಿದ, ಚಿತ್ರದ ಗಾತ್ರ ಏರಿಸಿದ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಆ ಕೆಲಸ. ಎಲೆಗಳ ಕಾಟ ಇಲ್ಲದ್ದರಿಂದ ಕಂಪ್ಯೂಟರು ಅಷ್ಟನ್ನೂ ಹೊತ್ತುಕೊಂಡು ಸುಮ್ಮನೇ ಇತ್ತು, ಫ್ಯಾನು ಉಸಿರೆತ್ತಲಿಲ್ಲ. ಮೊದಲೇ ಎರಡು ಕೊಂಬೆ ಕಡಿದಿದ್ದರೆ ಆಗುತ್ತಿತ್ತು. ನೆರಳಿಲ್ಲದ ಕೋಣೆಯಲ್ಲಿ ದೊಡ್ಡಮ್ಮ ಬೆವರು ಒರೆಸಿಕೊಳ್ಳುತ್ತಾ ಕೆಲಸ ಮಾಡತೊಡಗಿದಳು. ಹಿತ್ತಿಲ ಕ್ಯಾಮೆರಾ ಈಗ ಪರದೆಯ ಮೂಲೆಯಲ್ಲಿ ಸದಾ ತೆರೆದಿರುತ್ತಿತ್ತು. ಒಂದೊಂದು ಹೊಲಿಗೆಗೂ ಒಮ್ಮೆ ಕಣ್ಣು ಅತ್ತ ಹೋಗುತ್ತಿತ್ತು. ಅವನ "ನಾಳೆ" ಯಾವ ನಾಳೆಯೋ ಅವಳಿಗೆ ತಿಳಿದಿರಲಿಲ್ಲ.

ಒಂದು ಸಂಜೆ ಪಿಟೀಲು ಬಂದು ತೊಡೆಯೇರಿ ಕೂತಳು. ಗೋಡೆ ಉಜ್ಜಿದ ಗಾಯ ಮೊಣಕೈಯಲ್ಲಿ ಹಕ್ಕಳೆಗಟ್ಟಿತ್ತು. ಪರದೆಯ ಮೇಲಿನ ಬೋಳು ಗೋಡೆಯನ್ನು ಬಹಳ ಹೊತ್ತು ನೋಡಿದಳು. ಮಗು ಮತ್ತೆ ತನ್ನ ಹತ್ತಿರ ಬಂತಲ್ಲ ಎಂದು ದೊಡ್ಡಮ್ಮ ಅವಳ ನೆತ್ತಿಗೆ ಗಲ್ಲ ಊರಿದಳು.

"ಈಗ ಎಲ್ಲೂ ಕಣ್ಣು ಮುಚ್ಚಲ್ವಾ ಅದು?"

"ಇಲ್ಲ ಕಂದ. ಎಲ್ಲೂ ಇಲ್ಲ."

ಪಿಟೀಲಿನ ಚಿಕ್ಕ ಕೈ ನಿಧಾನವಾಗಿ ಹೋಗಿ ಮೌಸಿನ ಮೇಲೆ ಕೂತಿತು. ದೊಡ್ಡಮ್ಮನ ಕಿವಿಗೆ ಬಾಯಿಟ್ಟು, ಗುಟ್ಟು ಹೇಳುವಷ್ಟೇ ಮೆತ್ತಗೆ ಕೇಳಿದಳು:

"ಒಂದೇ ಒಂದು ಕಡೆ ಹಚ್ಚೋಣ ದೊಡ್ಡಮ್ಮ. ಚಿಕ್ಕದು. ಈ ಸಲ ನಾನು ಯಾರಿಗೂ ಹೇಳಲ್ಲ."